ಕಾಕಾನ ಕಾರು, ಕೊಟೇಶನ್‌ನ ಒಂಬತ್ತು ಸಾಲು



ನಾಲ್ಕು ವರ್ಷದಲ್ಲಿ ನಾವು ಇಂಜಿನ್ ಬಿಚ್ಚೋದು ಕಲಿತೀವಿ, ಗೇರ್ ಬಾಕ್ಸಿನ ಲೆಕ್ಕ ಮಾಡ್ತೀವಿ, ವೈವಾದಲ್ಲಿ ಓಟೋ ಸೈಕಲ್ ಚಿತ್ರ ಬಿಡಿಸಿ ಪಾರಾಗ್ತೀವಿ. ಆದರೆ ಆ ಇಂಜಿನ್ ಇರುವ ಕಾರನ್ನು ಶೋರೂಮಿನಿಂದ ಮನೆ ಬಾಗಿಲಿಗೆ ತರೋದು ಹೇಗೆ ಅನ್ನೋ ಪಾಠ ಯಾವ ಸೆಮಿಸ್ಟರಿನಲ್ಲೂ ಇಲ್ಲ. ನನಗೆ ಈ ಪಾಠ ಕಲಿಸಿದ್ದು ನಮ್ಮ ಕಾಕಾ. ಸರಿಯಾಗಿ ಹೇಳಬೇಕಂದ್ರೆ, ಕಾಕಾನ ಕೈಯಲ್ಲಿದ್ದ ಒಂದು ಹಾಳೆ.

ನಮ್ಮದು ರಾಯಬಾಗ ತಾಲೂಕಿನ ಹಳ್ಳಿ. ಕೃಷ್ಣಾ ನದಿ ಹತ್ತಿರ, ಕಬ್ಬಿನ ಸೀಮೆ. ಅಜ್ಜಿಗೆ ವಾರಕ್ಕೆ ಎರಡು ಸಲ ಮಿರಜ್‌ನಲ್ಲಿ ಡಯಾಲಿಸಿಸ್. ನಮ್ಮ ಕಡೆ ರಾಯಬಾಗ, ಅಥಣಿ, ಕಾಗವಾಡದ ಜನ ದೊಡ್ಡ ಜಡ್ಡಾದರೆ ಮಿರಜ್‌ಗೇ ಓಡೋದು, ಅದು ನಿಮಗೂ ಗೊತ್ತು. ಪ್ರತಿ ಸಲ ಬಾಡಿಗೆ ಗಾಡಿ, ಪ್ರತಿ ಸಲ ಡ್ರೈವರನ ಕಾಯೋದು. ಈ ಸಲ ಕಬ್ಬಿನ ಬಿಲ್ಲು ಬಂದ ಕೂಡಲೇ ಕಾಕಾ ನಿರ್ಧಾರ ಮಾಡಿದ: "ಸಾಕು ತಮ್ಮಾ, ಒಂದ್ ಸಣ್ಣ ಕಾರ್ ತಗೊಂಬಿಡೂಣು. ಮುದುಕಿ ಮೈ ನೋಯಿಸ್ಕೊಂಡ ಹೋಗೂದ ನೋಡಾಕ ಆಗವಲ್ದು."

ನಾನು ಹಾಸ್ಟೆಲಿನಲ್ಲಿದ್ದೆ. ಕಾಕಾ ಒಬ್ಬನೇ ಶೋರೂಮಿಗೆ ಹೋಗಿ, 11,000 ರೂಪಾಯಿ ಬುಕಿಂಗ್ ಕೊಟ್ಟು, ಒಂದು ಹಾಳೆ ತಂದಿದ್ದ. ಕಾಕಾ ಕನ್ನಡ ಓದ್ತಾನೆ, ಮರಾಠಿ ಓದ್ತಾನೆ. ಹಾಳೆ ಇದ್ದದ್ದು ಇಂಗ್ಲಿಷಿನಲ್ಲಿ. ಫೋಟೋ ತೆಗೆದು ನನಗೆ ಕಳಿಸಿ ಕೇಳಿದ್ದು ಒಂದೇ ಪ್ರಶ್ನೆ: "ಜಾಹೀರಾತಿನ್ಯಾಗ ಎಂಟ್ ಲಕ್ಷ ಅಂತ ಬರದಿದ್ರು. ಇಲ್ಲಿ ಹತ್ತ್ ಲಕ್ಷ ದಾಟೇತಿ. ಉಳದ ರೊಕ್ಕ ಯಾರಿಗೆ ಹೋಗ್ತದ?"

ಈ ಲೇಖನ ಪೂರ್ತಿ ಆ ಪ್ರಶ್ನೆಗೆ ಉತ್ತರ.

ಹಾಳೆಯಲ್ಲಿ ಏನಿತ್ತು

ಲೆಕ್ಕ ಸುಲಭ ಆಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಶೋರೂಮಿನ ಹೆಸರು, ಕಂಪನಿಯ ಹೆಸರು ಬೇಡ. ನಮ್ಮ ಸೀಮೆಯಲ್ಲಿ ಯಾರ ಹಾಳೆ ನೋಡಿದರೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ.

1. ಎಕ್ಸ್-ಶೋರೂಮ್ ದರ: 8,00,000
2. ರಸ್ತೆ ತೆರಿಗೆ ಮತ್ತು ರಿಜಿಸ್ಟ್ರೇಶನ್: 1,34,000
3. ಇನ್ಶೂರೆನ್ಸ್: 46,000
4. ಹ್ಯಾಂಡ್ಲಿಂಗ್ ಚಾರ್ಜ್: 8,500
5. ಎಕ್ಸ್‌ಟೆಂಡೆಡ್ ವಾರಂಟಿ: 14,000
6. ಆಕ್ಸೆಸರಿ ಪ್ಯಾಕ್: 25,000
7. ಬಾಡಿ ಕೋಟಿಂಗ್: 9,000
8. ಫಾಸ್ಟ್ಯಾಗ್: 1,000
9. ಇತರೆ: 3,500

ಒಟ್ಟು 10,41,000. ಕೆಳಗೆ ದಪ್ಪ ಅಕ್ಷರದಲ್ಲಿ 'ಆನ್-ರೋಡ್ ದರ'.

ಮೊದಲ ಪಾಠ ಇಲ್ಲಿಂದಲೇ ಶುರು. ಆನ್-ರೋಡ್ ದರ ಅನ್ನೋದು ಒಂದು ದರ ಅಲ್ಲ. ಐದಾರು ಜನರಿಗೆ ಸೇರಬೇಕಾದ ರೊಕ್ಕವನ್ನು ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ದು ಅದು. ಕಂಪನಿಯದು, ಕೇಂದ್ರ ಸರ್ಕಾರದ್ದು, ರಾಜ್ಯ ಸರ್ಕಾರದ್ದು, ವಿಮಾ ಕಂಪನಿಯದು, ಡೀಲರನದು. ಸರ್ಕಾರದ ಸಾಲಿನಲ್ಲಿ ಚೌಕಾಸಿ ನಡೆಯೋದಿಲ್ಲ, ಡೀಲರನ ಸಾಲಿನಲ್ಲಿ ನಡೆಯುತ್ತದೆ. ಚೀಲ ಬಿಚ್ಚದೆ "ಒಟ್ಟಿನ ಮ್ಯಾಲ ಎಷ್ಟ್ ಬಿಡ್ತೀರಿ?" ಅಂತ ಕೇಳಿದರೆ, "ಕಾಕಾರ, ನಿಮಗಂತ ಐದ್ ಸಾವ್ರ ಬಿಟ್ಟೀನ್ರೀ" ಅಂತಾರೆ. ನಾವು ಖುಷಿಯಾಗಿ ಬರ್ತೀವಿ.

ಸಾಲು 1: ಎಕ್ಸ್-ಶೋರೂಮ್

ಕಂಪನಿಯ ದರ, ಶೋರೂಮಿನವರೆಗೆ ಗಾಡಿ ತಂದ ಖರ್ಚು, ಡೀಲರನ ಮಾರ್ಜಿನ್, ಜಿಎಸ್‌ಟಿ ಎಲ್ಲ ಸೇರಿ ಈ ಸಾಲು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18% ಆಗಿದೆ. ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ದಾಟಬಾರದು, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿರಬೇಕು. ಮೊದಲು ಇದೇ ಕಾರಿಗೆ 28% ಜಿಎಸ್‌ಟಿ, ಅದರ ಮೇಲೆ ಸೆಸ್ ಇತ್ತು. ದೊಡ್ಡ ಕಾರಿಗೆ ಈಗ 40%. ನಮ್ಮ 8 ಲಕ್ಷವನ್ನು 1.18ರಿಂದ ಭಾಗಿಸಿದರೆ ಸುಮಾರು 6,78,000 ಬರುತ್ತದೆ. ಅಂದರೆ 1,22,000 ರೂಪಾಯಿ ಜಿಎಸ್‌ಟಿ ಈ ಸಾಲಿನಲ್ಲೇ ಮುಗಿದಿದೆ. ಹಳೇ ಹಾಳೆ ತೋರಿಸಿ ಹಳೇ ದರ ಹೇಳಿದರೆ, ಕಂಪನಿಯ ಜಾಲತಾಣದಲ್ಲಿ ಇವತ್ತಿನ ದರ ತೆಗೆದು ಮೊಬೈಲನ್ನು ಮೇಜಿನ ಮೇಲೆ ಇಡಿ. ಬಾಯಿ ಮಾತು ಬೇಕಾಗೋದಿಲ್ಲ.

ಸಾಲು 2: ರಸ್ತೆ ತೆರಿಗೆ

ಇದು ಕರ್ನಾಟಕ ಸರ್ಕಾರದ ಸಾಲು. ಸದ್ಯ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ 5 ಲಕ್ಷದವರೆಗೆ 13%, 5ರಿಂದ 10 ಲಕ್ಷಕ್ಕೆ 14%, 10ರಿಂದ 20 ಲಕ್ಷಕ್ಕೆ 17%, ಅದರ ಮೇಲೆ 18%. ಈ ತೆರಿಗೆಯ ಮೇಲೆ ಸೆಸ್ ಬೇರೆ. ಬಜೆಟ್‌ನಲ್ಲಿ ದರ ಬದಲಾಗುವುದುಂಟು, ಹೋಗುವ ಮುಂಚೆ ಒಮ್ಮೆ ನೋಡಿಕೊಳ್ಳಿ. 8 ಲಕ್ಷಕ್ಕೆ 14% ಅಂದರೆ 1,12,000. ಸೆಸ್, 600 ರೂಪಾಯಿ ರಿಜಿಸ್ಟ್ರೇಶನ್ ಫೀ, ಸಾಲ ಇದ್ದರೆ ಹೈಪೋಥಿಕೇಶನ್ ಫೀ, ಕಾರ್ಡಿನ ಫೀ ಎಲ್ಲ ಕೂಡಿಸಿದರೂ ನಮ್ಮ ಲೆಕ್ಕ 1,27,000ಕ್ಕೆ ನಿಂತಿತು. ಹಾಳೆಯಲ್ಲಿ 1,34,000. ಏಳು ಸಾವಿರ ಯಾಕೆ ಜಾಸ್ತಿ ಅಂತ ಕೇಳಿದೆ. "ಆರ್‌ಟಿಓ ಖರ್ಚ ಇರ್ತದಲ್ರೀ ಸರ" ಅಂದರು. ಈಗ ಹೊಸ ಗಾಡಿಯ ಅರ್ಜಿ, ತೆರಿಗೆ ಎಲ್ಲ 'ವಾಹನ್' ವ್ಯವಸ್ಥೆಯಲ್ಲಿ ಡೀಲರೇ ಆನ್‌ಲೈನಿನಲ್ಲಿ ತುಂಬೋದು, ಅದಕ್ಕೆ ರಸೀದಿ ಬರುತ್ತದೆ. "ಸರ್ಕಾರದ ಪಾವತಿ ಎಷ್ಟ್ ಇರ್ತದೋ ಅಷ್ಟ ಕೊಡ್ತೀವ್ರೀ, ಪಾವತಿ ತೋರಸ್ರಿ" ಅಂದೆ. ಏಳು ಸಾವಿರ ಹೋಯಿತು.

ಸಾಲು 3: ಇನ್ಶೂರೆನ್ಸ್

ಇದರೊಳಗೆ ಮೂರು ತುಂಡು. ಮೊದಲನೆಯದು ಥರ್ಡ್ ಪಾರ್ಟಿ, ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಇದನ್ನು ಮೂರು ವರ್ಷಕ್ಕೆ ಒಟ್ಟಿಗೇ ತಗೋಬೇಕು. ದರ ಸರ್ಕಾರ ಕಟ್ಟಿದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಮೂರು ವರ್ಷಕ್ಕೆ 1000 ಸಿಸಿವರೆಗೆ 6,521, 1500 ಸಿಸಿವರೆಗೆ 10,640, ಅದಕ್ಕೂ ಮೇಲೆ 24,596 ರೂಪಾಯಿ, ಜಿಎಸ್‌ಟಿ ಬೇರೆ. ಯಾವ ವಿಮಾ ಕಂಪನಿಗೆ ಹೋದರೂ ಇದರಲ್ಲಿ ಫರಕು ಇಲ್ಲ.

ಎರಡನೆಯದು ನಮ್ಮ ಗಾಡಿಯ ಹಾನಿಗೆ, ಮೂರನೆಯದು ಆಡ್-ಆನ್‌ಗಳು. ಈ ಎರಡರಲ್ಲಿ ದರ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಡೀಲರನ ಕಮಿಷನ್ ಕೂಡ ಇಲ್ಲೇ. ಶೋರೂಮಿನಲ್ಲೇ ಪಾಲಿಸಿ ತಗೋಬೇಕು ಅಂತ ಕಾನೂನಿಲ್ಲ. ಡೀಲರರು ವಿಮೆ ಮಾರುವ ಬಗ್ಗೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲಿ ಮಾರ್ಗಸೂಚಿ ತಂದಿದೆ, ಪಾಲಿಸಿ ಎಲ್ಲಿ ಕೊಳ್ಳಬೇಕು ಅನ್ನೋದು ಗ್ರಾಹಕನ ಇಷ್ಟ. ನಾವು ಬೇರೆ ಕಡೆ ಕೊಟೇಶನ್ ತೆಗೆಸಿದೆವು. ಇಲ್ಲಿ ಒಂದು ಎಚ್ಚರ ಬೇಕು. ಎರಡೂ ಕೊಟೇಶನ್‌ನಲ್ಲಿ ಐಡಿವಿ ಒಂದೇ ಇರಬೇಕು. ಐಡಿವಿ ಅಂದರೆ ಗಾಡಿ ಪೂರ್ತಿ ಹೋದರೆ ಸಿಗುವ ಗರಿಷ್ಠ ಮೊತ್ತ, ಹೊಸ ಕಾರಿಗೆ ಸಾಮಾನ್ಯವಾಗಿ ಎಕ್ಸ್-ಶೋರೂಮ್ ದರದ 95%. ಅದನ್ನು ಇಳಿಸಿದರೆ ಪ್ರೀಮಿಯಂ ತಾನಾಗಿಯೇ ಕಡಿಮೆ ಕಾಣುತ್ತದೆ, ಆಮೇಲೆ ನಷ್ಟ ನಮಗೇ.

ಅದೇ ಐಡಿವಿ, ಅದೇ ಆಡ್-ಆನ್ ಇಟ್ಟು ಹೊರಗೆ 31,000ಕ್ಕೆ ಸಿಕ್ಕಿತು. ಆ ಹಾಳೆ ತೋರಿಸಿದ ಮೇಲೆ ಶೋರೂಮಿನವರೇ 46,000ದಿಂದ 33,000ಕ್ಕೆ ಇಳಿದರು. ಓಡಾಟ ಉಳಿಯಲಿ ಅಂತ ಅವರ ಹತ್ತಿರವೇ ತಗೊಂಡೆವು.

ಎಲ್ಲ ಆಡ್-ಆನ್ ಮೋಸ ಅಂತ ತಿಳೀಬ್ಯಾಡ್ರಿ. ನದಿ ದಂಡೆಯ ಊರಿನವರಿಗೆ ಒಂದು ಆಡ್-ಆನ್ ನಿಜವಾಗಿ ಬೇಕು, 'ಇಂಜಿನ್ ಪ್ರೊಟೆಕ್ಟ್'. 2019ರ ಆಗಸ್ಟ್, 2021ರ ಜುಲೈ ಪ್ರವಾಹ ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯವರು ಮರೆತಿಲ್ಲ. ನೀರಲ್ಲಿ ನಿಂತ ಕಾರನ್ನು ಚಾಲೂ ಮಾಡಿದರೆ ಇನ್‌ಟೇಕ್ ಮೂಲಕ ನೀರು ಸಿಲಿಂಡರಿಗೆ ಹೋಗುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಮೇಲೆ ಬರುವಾಗ ಜಾಗ ಸಿಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದೇ ಹೈಡ್ರೋಲಾಕ್. ಸಾಮಾನ್ಯ ಪಾಲಿಸಿಯಲ್ಲಿ ಇದನ್ನು 'ಆಮೇಲೆ ಆದ ಹಾನಿ' ಅಂತ ಬದಿಗೆ ಸರಿಸುತ್ತಾರೆ. ಕಾಕಾನ 33,000ದಲ್ಲಿ ಈ ಆಡ್-ಆನ್ ಇದೆ. ಅದರ ಜತೆ ಒಂದು ಮಾತನ್ನೂ ಹೇಳಿಟ್ಟಿದ್ದೇನೆ: ಗಾಡಿ ನೀರಾಗ ನಿಂತ್ರ ಕೀಲಿ ಮುಟ್ಟಬ್ಯಾಡ, ಎಳಸ್ಕೊಂಡ ಬಾ.

ಸಾಲು 4ರಿಂದ 9: ಡೀಲರನ ಅಂಗಳ

ಹ್ಯಾಂಡ್ಲಿಂಗ್ ಚಾರ್ಜ್ ಅಂದರೆ ಏನು ಅಂತ ಕೇಳಿದೆ. "ಗೋಡೌನಿನಿಂದ ಗಾಡಿ ತರಬೇಕಲ್ರೀ, ತೊಳೀಬೇಕಲ್ರೀ" ಅಂದರು. ಮಾರುವವನು ಮಾಲನ್ನು ಅಂಗಡಿಗೆ ತರೋದು ವ್ಯಾಪಾರ, ಅದರ ಖರ್ಚು ಸಾಲು 1ರಲ್ಲೇ ಬಂದಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಶುಲ್ಕವೇ ಇಲ್ಲ. "ಬಿಲ್ಲಿನ್ಯಾಗ ಹ್ಯಾಂಡ್ಲಿಂಗ್ ಅಂತ ಬರದ ಸಹಿ ಮಾಡಿ ಕೊಡ್ರಿ" ಅಂದಾಗ ಆ ಸಾಲು ಮಾಯವಾಯಿತು. 'ಇತರೆ' ಸಾಲೂ ಹಾಗೇ. ಹೆಸರಿಲ್ಲದ ಖರ್ಚಿಗೆ ರೊಕ್ಕ ಇಲ್ಲ.

ಎಕ್ಸ್‌ಟೆಂಡೆಡ್ ವಾರಂಟಿ ಕೆಟ್ಟದ್ದಲ್ಲ, ಆದರೆ ಮೊದಲ ದಿನವೇ ಬೇಕಿಲ್ಲ. ಬಹಳಷ್ಟು ಕಂಪನಿಗಳಲ್ಲಿ ಮೂಲ ವಾರಂಟಿ ಮುಗಿಯುವ ಮುಂಚೆ ಯಾವಾಗ ಬೇಕಾದರೂ ತಗೋಬಹುದು. ತಡವಾದರೆ ದರ ಸ್ವಲ್ಪ ಏರಬಹುದು, ಆ ದರಪಟ್ಟಿಯನ್ನೂ ಕೇಳಿ ಇಟ್ಟುಕೊಳ್ಳಿ. ಕಾಕಾ ಮುಂದಿನ ಕಬ್ಬಿನ ಬಿಲ್ಲಿಗೆ ನೋಡೋಣ ಅಂತ ಬಿಟ್ಟ.

ಬಾಡಿ ಕೋಟಿಂಗ್ ವಿಷಯದಲ್ಲಿ ಮೆಕ್ಯಾನಿಕಲ್‌ನವರು ಬಾಯಿ ಬಿಡಬೇಕು. ಇವತ್ತಿನ ಕಾರಿನ ಬಾಡಿಯನ್ನು ಫ್ಯಾಕ್ಟ್ರಿಯಲ್ಲೇ ಬಣ್ಣದ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆಮೂಲೆಗೂ ತುಕ್ಕು ತಡೆಯುವ ಪದರ ಹಚ್ಚುತ್ತಾರೆ. ಎಲೆಕ್ಟ್ರೋ ಡಿಪೋಸಿಶನ್ ಅಂತ ಓದಿದ್ದೀವಲ್ಲ, ಅದೇ. ಸಮುದ್ರದ ಉಪ್ಪುಗಾಳಿ ಇಲ್ಲದ ನಮ್ಮ ಸೀಮೆಯಲ್ಲಿ ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ಸಿಂಪಡಿಸುವ 9,000ದ ಪದರಕ್ಕೆ ಅವಸರ ಇಲ್ಲ.

ಆಕ್ಸೆಸರಿ ಪ್ಯಾಕಿನಲ್ಲಿ ಬೇಕಾಗಿದ್ದು ಮ್ಯಾಟ್, ಮಡ್‌ಫ್ಲಾಪ್, ಸೀಟ್ ಕವರ್ ಮಾತ್ರ. 25,000 ಹೋಗಿ 6,000 ಆಯಿತು. ಫಾಸ್ಟ್ಯಾಗ್ ಹೊಸ ಕಾರಿಗೆ 2017ರ ಡಿಸೆಂಬರಿನಿಂದಲೇ ಕಡ್ಡಾಯ, ಅದು ಇರಲಿ. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗುವವರಿಗೆ ಕೊಗನೊಳ್ಳಿ ಟೋಲ್ ಹೇಗೂ ಇದ್ದೇ ಇದೆ.

ಕೊನೆಯ ಲೆಕ್ಕ: 8,00,000 + 1,27,000 + 33,000 + 6,000 + 1,000 = 9,67,000. ಮೊದಲ ಹಾಳೆಗಿಂತ 74,000 ಕಡಿಮೆ. ಅದರಲ್ಲಿ ವಾರಂಟಿಯ 14,000 ಮುಂದಕ್ಕೆ ಹೋದದ್ದು, 60,000 ನಿಜವಾಗಿ ಉಳಿದದ್ದು.

ಅರವತ್ತು ಸಾವಿರ ಅಂದರೆ ಎಷ್ಟು? ಟನ್ನಿಗೆ 3,000 ಹಿಡಿದರೆ ಇಪ್ಪತ್ತು ಟನ್ ಕಬ್ಬು. 2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಬೇಕು ಅಂತ ರಸ್ತೆಯಲ್ಲಿ ಕೂತಿದ್ದರು. ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಟನ್ನಿಗೆ ನೂರಿನ್ನೂರಕ್ಕಾಗಿ ಹಗಲು ರಾತ್ರಿ ರಸ್ತೆಯಲ್ಲಿ ಕೂರುವ ಮನುಷ್ಯ, ಎಸಿ ಹಾಕಿದ ಕೋಣೆಯಲ್ಲಿ ಓದಲು ಬಾರದ ಒಂದು ಹಾಳೆಗೆ ಸಹಿ ಹಾಕಿ ಇಪ್ಪತ್ತು ಟನ್ ಕೊಟ್ಟು ಬರ್ತಾನೆ. ನನಗೆ ಸಿಟ್ಟು ಬಂದದ್ದು ಇದಕ್ಕೆ.

7% ಬಡ್ಡಿ, ಅದೂ 7% ಅಲ್ಲ

ಕಾಕಾ 6 ಲಕ್ಷ ಸಾಲ ಮಾಡಬೇಕಿತ್ತು. ಶೋರೂಮಿನಲ್ಲೇ ಕೂತಿದ್ದ ಫೈನಾನ್ಸ್ ಹುಡುಗ ಹೇಳಿದ: "ಬ್ಯಾಂಕಿನ್ಯಾಗ 9% ಅಂತಾರ್ರೀ ಕಾಕಾರ, ನಮ್ಮದು 7% ಅಷ್ಟ." ಕಾಕಾ ನನ್ನ ಮುಖ ನೋಡಿದ.

ಅವನು ಹೇಳಿದ್ದು ಫ್ಲ್ಯಾಟ್ ದರ. ಅಂದರೆ ಐದು ವರ್ಷವೂ ಪೂರ್ತಿ 6 ಲಕ್ಷದ ಮೇಲೆ ಬಡ್ಡಿ. 6,00,000 × 7% × 5 = 2,10,000. ಒಟ್ಟು 8,10,000ವನ್ನು 60 ತಿಂಗಳಿಗೆ ಹಂಚಿದರೆ ಕಂತು 13,500. ಆದರೆ ನಾವು ಪ್ರತಿ ತಿಂಗಳು ಅಸಲನ್ನೂ ತೀರಿಸುತ್ತಾ ಹೋಗ್ತೀವಲ್ಲ? ಮೂರನೇ ವರ್ಷ ನಮ್ಮ ಹತ್ತಿರ ಅವರ 6 ಲಕ್ಷ ಇರೋದಿಲ್ಲ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕೋದು ಬ್ಯಾಂಕಿನ ಇಳಿಕೆ ಬಾಕಿ ಪದ್ಧತಿ. ಅದರ ಸೂತ್ರ ನಿಮಗೆ ಗೊತ್ತಿರಲಿ:

ಕಂತು = ಅ × ಬ × (1+ಬ)^ನ ÷ [(1+ಬ)^ನ − 1]

ಅ ಅಂದರೆ ಅಸಲು, ಬ ಅಂದರೆ ತಿಂಗಳ ಬಡ್ಡಿ ದರ, ನ ಅಂದರೆ ತಿಂಗಳುಗಳ ಸಂಖ್ಯೆ. 9%ಗೆ ಬ = 0.0075, ನ = 60 ಹಾಕಿದರೆ ಕಂತು 12,455 ಬರುತ್ತದೆ. '9%'ನ ಕಂತು 12,455, '7%'ನ ಕಂತು 13,500! ಐದು ವರ್ಷಕ್ಕೆ 62,700 ಫರಕು. 13,500 ಕಂತನ್ನು ಇದೇ ಸೂತ್ರಕ್ಕೆ ಹಾಕಿ ಹಿಂದಕ್ಕೆ ಲೆಕ್ಕ ಮಾಡಿದರೆ ನಿಜವಾದ ದರ ಸುಮಾರು 12.5%.

ಇದಕ್ಕೆ ಸೂತ್ರ ನೆನಪಿಡಲೇಬೇಕು ಅಂತಿಲ್ಲ. ರಿಸರ್ವ್ ಬ್ಯಾಂಕಿನ ಆದೇಶದಂತೆ 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಕ್ಕೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಫೀ, ಬಡ್ಡಿ ಎಲ್ಲ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ. ಎರಡು ಸಾಲ ಹೋಲಿಸುವಾಗ ಆ ಒಂದು ಅಂಕಿ ನೋಡಿದರೆ ಸಾಕು. "ಎಪಿಆರ್ ಎಷ್ಟ್ರೀ?" ಅಂತ ಕೇಳಿದ ಕೂಡಲೇ ಹುಡುಗನ ದನಿ ಬದಲಾಯಿತು.

ಇನ್ನೊಂದು ಮಾತು. ನಗದು ಕೊಡ್ತೀವಿ ಅಂದರೂ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯನ್ನು ಅವರು ನಗದಿನಲ್ಲಿ ತಗೊಳ್ಳುವಂತಿಲ್ಲ, ಆದಾಯ ತೆರಿಗೆ ಕಾನೂನು ಬಿಡೋದಿಲ್ಲ. ಕಾರಿನ ಬೆಲೆ 10 ಲಕ್ಷ ದಾಟಿದರೆ 1% ಟಿಸಿಎಸ್ ಹಿಡಿಯುತ್ತಾರೆ. ಅದು ಖರ್ಚಲ್ಲ, ನಮ್ಮ ಪ್ಯಾನ್ ಹೆಸರಲ್ಲಿ ಜಮೆಯಾಗುವ ತೆರಿಗೆ. ಒಕ್ಕಲುತನದ ಆದಾಯ ಮಾತ್ರ ಇರುವವರು ರಿಟರ್ನ್ ತುಂಬದೆ ಆ ರೊಕ್ಕ ಬಿಟ್ಟುಬಿಡ್ತಾರೆ. ರಿಟರ್ನ್ ತುಂಬಿದರೆ ವಾಪಸ್ ಬರುತ್ತದೆ.

ಗಡಿ ದಾಟಿದರೆ ಅಗ್ಗವೇ?

ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಕಡೆಯ ಪ್ರತಿ ಮನೆಯಲ್ಲಿ ಈ ಸಲಹೆ ಕೊಡುವ ಒಬ್ಬ ಮಾಮಾ ಇರ್ತಾನೆ: "ಕೊಲ್ಹಾಪುರದಾಗ ತಗೋ, ಎಂಎಚ್ 09 ಪಾಸಿಂಗ್ ಮಾಡಿಸ್, ಟ್ಯಾಕ್ಸ್ ಉಳೀತದ." ಸಾಂಗಲಿ ಕಡೆಯವನಾದರೆ ಎಂಎಚ್ 10. ಮಾತು ಅರ್ಧ ಸರಿ. ಮಹಾರಾಷ್ಟ್ರದಲ್ಲಿ 10 ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ ತೆರಿಗೆ 11%. ನಮ್ಮ 8 ಲಕ್ಷದ ಕಾರಿಗೆ ಅಲ್ಲಿ 88,000, ಇಲ್ಲಿ 1,12,000. ಸೆಸ್ ಬಿಟ್ಟರೂ 24,000 ಫರಕು.

ಉಳಿದರ್ಧ ಮಾಮಾ ಹೇಳೋದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 40ನೇ ಕಲಂ ಪ್ರಕಾರ ಮಾಲೀಕ ಎಲ್ಲಿ ವಾಸವಿದ್ದಾನೋ ಅಥವಾ ವ್ಯವಹಾರ ಮಾಡುತ್ತ ಗಾಡಿ ಇಟ್ಟುಕೊಳ್ಳುತ್ತಾನೋ ಆ ರಾಜ್ಯದಲ್ಲೇ ರಿಜಿಸ್ಟ್ರೇಶನ್. ರಾಯಬಾಗದಲ್ಲಿದ್ದುಕೊಂಡು ಕೊಲ್ಹಾಪುರದ ಬಾಡಿಗೆ ಕರಾರು ತೋರಿಸಿದರೆ ಅದು ಸುಳ್ಳು ದಾಖಲೆ. 47ನೇ ಕಲಂ ಪ್ರಕಾರ ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿನ ನಂಬರ್ ಪಡೆಯಬೇಕು. ಆಗ ಇಲ್ಲಿನ ತೆರಿಗೆ ಕಟ್ಟಿ, ಅಲ್ಲಿನದನ್ನು ವಾಪಸ್ ಕೇಳುತ್ತಾ ಎರಡು ಆಫೀಸು ಸುತ್ತಬೇಕು.

ಹಾಗಂತ ಕೊಲ್ಹಾಪುರದಲ್ಲಿ ಕಾರು ಕೊಳ್ಳಲೇಬಾರದು ಅಂತಲ್ಲ. ಡಿಸ್ಕೌಂಟ್ ಚೆನ್ನಾಗಿದ್ದರೆ ಅಲ್ಲಿ ಕೊಂಡು, ತಾತ್ಕಾಲಿಕ ರಿಜಿಸ್ಟ್ರೇಶನ್ ಮೇಲೆ ತಂದು, ಚಿಕ್ಕೋಡಿಯಲ್ಲಿ ಕೆಎ 23 ಮಾಡಿಸೋದು ಪೂರ್ತಿ ಕಾನೂನುಬದ್ಧ. ತಡ ಮಾತ್ರ ಮಾಡಬೇಡಿ. ರಾಜಸ್ಥಾನದ ಶ್ರೀಗಂಗಾನಗರದ ಒಬ್ಬರು ಪಂಜಾಬಿನಲ್ಲಿ ಹೊಸ ಬೊಲೆರೊಗೆ ಪಾಲಿಸಿ ಮಾಡಿಸಿದ್ದರು. ತಾತ್ಕಾಲಿಕ ರಿಜಿಸ್ಟ್ರೇಶನ್ 2011ರ ಜುಲೈ 19ಕ್ಕೆ ಮುಗಿದಿತ್ತು, ಅದೇ ತಿಂಗಳ ಕೊನೆಗೆ ಜೋಧಪುರದಲ್ಲಿ ಗಾಡಿ ಕಳುವಾಯಿತು. ವಿಮೆ ಇತ್ತು, ಪ್ರೀಮಿಯಂ ಕಟ್ಟಿದ್ದರು. ಆದರೂ 2021ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಹೇಳಿತು: ರಿಜಿಸ್ಟ್ರೇಶನ್ ಇಲ್ಲದ ಗಾಡಿಯನ್ನು ರಸ್ತೆಗೆ ತಂದದ್ದು ಪಾಲಿಸಿಯ ಮೂಲ ಷರತ್ತಿನ ಉಲ್ಲಂಘನೆ, ಕ್ಲೇಮ್ ಇಲ್ಲ.

ಇದು ಇಲ್ಲೇ ಕೊಳ್ಳುವವರಿಗೂ ಪಾಠ. ನಮ್ಮ ಶೋರೂಮಿನವರು ಯುಗಾದಿ ಪಾಡ್ಯಕ್ಕೆ ಡೆಲಿವರಿ ಅಂತ ಮಾತು ಕೊಟ್ಟಿದ್ದರು. ಹಬ್ಬ ಹತ್ತಿರ ಬಂದಂತೆ ಒಂದೊಂದೇ ಕಾರಣ. "ಬಿಳೀ ಬಣ್ಣ ಬಂದಿಲ್ರೀ." "ಟಾಪ್ ಮಾಡೆಲ್ ತಗೊಂಡ್ರ ನಾಳೆನ ಕೊಡ್ತೀವ್ರೀ." "ಪ್ಯಾಕ್ ತಗೊಂಡವರಿಗೆ ಮೊದಲ ನಂಬರ್ರೀ." ಕೊನೆಗೆ ಹಬ್ಬದ ಹಿಂದಿನ ದಿನ, "ನಂಬರ್ ಪ್ಲೇಟ್ ಆಮ್ಯಾಲ ಹಾಕಸ್ರಿ, ಗಾಡಿ ಒಯ್ರಿ." 2019ರ ತಿದ್ದುಪಡಿಯ ಪ್ರಕಾರ ಅದೇ ರಾಜ್ಯದಲ್ಲಿ ರಿಜಿಸ್ಟರ್ ಆಗುವ ಹೊಸ ಗಾಡಿಗೆ ಡೀಲರೇ ಅರ್ಜಿ ಹಾಕಬೇಕು, ನಂಬರ್ ಹಾಕದೆ ಮಾಲೀಕನಿಗೆ ಕೊಡಬಾರದು. ಕಾಕಾನಿಗೆ ಮುಹೂರ್ತ ಬಿಡೋದು ಕಷ್ಟವಾಯಿತು. ಅಜ್ಜಿಯೇ ಅಂದಳು: "ಗಾಡಿ ಬಂದ ದಿನಾನ ಹಬ್ಬ ಮಾಡೂಣು ಬಿಡೋ."

ಬೋರ್ಡು ಕಂಪನಿಯದು, ಅಂಗಡಿ ಡೀಲರನದು

ನಾವು ತಿಳಿದುಕೊಳ್ಳೋದು "ಇಷ್ಟ್ ದೊಡ್ಡ ಕಂಪನಿ, ಮೋಸ ಯಾಕ ಮಾಡ್ತಾರ" ಅಂತ. ಬೋರ್ಡಿನ ಮೇಲಿರೋದು ಕಂಪನಿಯ ಹೆಸರು, ನಿಮಗೆ ಬಿಲ್ಲು ಕೊಡೋದು ಬೇರೊಬ್ಬ ವ್ಯಾಪಾರಿ. ಈ ಫರಕು ಎಷ್ಟು ದೊಡ್ಡದು ಅನ್ನೋದಕ್ಕೆ ನಮ್ಮ ಪಕ್ಕದ ಗೋವಾದ ಒಂದು ಪ್ರಕರಣ ಸಾಕು. ಒಬ್ಬ ಗ್ರಾಹಕ 2011ರಲ್ಲಿ ಹೊಸ ಟಾಟಾ ಇಂಡಿಗೋಗೆ ರೊಕ್ಕ ಕೊಟ್ಟರು. ಬಂದದ್ದು 2009ರಲ್ಲಿ ತಯಾರಾದ, ಆಗಲೇ ಓಡಿದ್ದ ಗಾಡಿ. ಜಿಲ್ಲಾ ವೇದಿಕೆ, ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ಮೂರೂ ಡೀಲರ್ ಮತ್ತು ಕಂಪನಿ ಇಬ್ಬರೂ ಹೊಣೆ ಅಂದವು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯನ್ನು ಹೊರಗಿಟ್ಟಿತು. ಕಂಪನಿ ಡೀಲರನಿಗೆ ಗಾಡಿ ಮಾರುತ್ತದೆ, ಡೀಲರ್ ನಿಮಗೆ ಮಾರುತ್ತಾನೆ. ಡೀಲರ್ ಮಾಡಿದ ತಪ್ಪು ಕಂಪನಿಗೆ ಗೊತ್ತಿತ್ತು ಅಂತ ತೋರಿಸದೆ ಕಂಪನಿಯನ್ನು ಹಿಡಿಯಲಾಗದು ಅನ್ನೋದು ತೀರ್ಪಿನ ಸಾರ. ಡೀಲರನ ಹೊಣೆ ಹಾಗೇ ಉಳಿಯಿತು.

ಅದಕ್ಕೇ ರೊಕ್ಕ ಪೂರ್ತಿ ಕೊಡುವ ಮುಂಚೆ ಗಾಡಿಯನ್ನು ನೀವೇ ನೋಡಬೇಕು. ಇದಕ್ಕೆ ಪಿಡಿಐ ಅಂತಾರೆ. ಹಗಲು ಬೆಳಕಿನಲ್ಲಿ, ಗಾಡಿಗೆ ಹೂವಿನ ಹಾರ ಬೀಳುವ ಮುಂಚೆ ನೋಡಿ:

- ಚಾಸಿ ಮೇಲಿನ 17 ಅಕ್ಷರ-ಅಂಕಿಯ ನಂಬರ್ ಬಿಲ್ಲಿನ ನಂಬರಿಗೆ ಸರಿ ಇದೆಯೇ?
- ಫಾರ್ಮ್ 21, ಅಂದರೆ ಮಾರಾಟ ಪತ್ರದಲ್ಲಿ ತಯಾರಾದ ತಿಂಗಳು, ವರ್ಷ ಏನಿದೆ?
- ಟಾಯರ್ ಮೇಲಿನ ನಾಲ್ಕಂಕಿ. 3225 ಅಂದರೆ 2025ರ 32ನೇ ವಾರ. ನಾಲ್ಕೂ ಟಾಯರ್, ಸ್ಟೆಪ್ನಿ ಹೆಚ್ಚುಕಮ್ಮಿ ಒಂದೇ ಕಾಲದವೇ?
- ಓಡಿದ ಕಿಲೋಮೀಟರ್ ಎಷ್ಟು? ನೂರಾರು ಇದ್ದರೆ ಯಾಕೆ ಅಂತ ಬರೆಸಿಕೊಳ್ಳಿ.
- ಬಣ್ಣದಲ್ಲಿ ಫರಕು, ಬಾಗಿಲ ಸಂದಿಯ ಅಂತರದಲ್ಲಿ ಫರಕು, ಎಸಿ, ಗಾಜು, ಕಾರ್ಪೆಟ್ ಕೆಳಗಿನ ತೇವ.

ಬುಕಿಂಗ್ ರೊಕ್ಕದ ವಿಷಯದಲ್ಲಿ ಕಾಕಾ ಒಂದು ತಪ್ಪು ಮಾಡಿದ್ದ. 11,000ವನ್ನು ಸೇಲ್ಸ್ ಹುಡುಗನ ಸ್ವಂತ ಮೊಬೈಲ್ ನಂಬರಿಗೆ ಹಾಕಿದ್ದ. ಹುಡುಗ ಒಳ್ಳೆಯವನು, ರೊಕ್ಕ ಜಮೆ ಮಾಡಿದ್ದ. ಕೆಲಸ ಬಿಟ್ಟು ಹೋಗಿದ್ದರೆ? ರೊಕ್ಕ ಯಾವಾಗಲೂ ಅಂಗಡಿಯ ಖಾತೆಗೆ ಹಾಕಿ. ಪಾವತಿಯಲ್ಲಿ ಮಾಡೆಲ್, ಬಣ್ಣ, ಡೆಲಿವರಿ ತಾರೀಕು, ರದ್ದು ಮಾಡಿದರೆ ಎಷ್ಟು ವಾಪಸ್ ಅನ್ನೋದು ಇರಲಿ.

ಯಾಕೆ ಹೀಗೆ?

ನಮ್ಮ ಅಜ್ಜಂದಿರ ಕಾಲದ ತೊಂದರೆ ಬೇರೆ ಇತ್ತು. ಅಂಬಾಸಿಡರ್, ಪ್ರೀಮಿಯರ್ ಬಿಟ್ಟರೆ ಹೆಚ್ಚು ಆಯ್ಕೆ ಇಲ್ಲ, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಹೊರಬಂದ ಮೇಲೆ ಆ ಸಾಲು ನಿಧಾನಕ್ಕೆ ಕರಗಿತು. ಈಗ ಗಾಡಿ ಇದೆ, ದರ ಮಾತ್ರ ಮಬ್ಬು.

ಅಮೆರಿಕದಲ್ಲೂ ಹೀಗೇ ಇತ್ತು. ಮೈಕ್ ಮನ್ರೋನಿ ಅನ್ನೋ ಸೆನೆಟರ್ 1958ರಲ್ಲಿ ಒಂದು ಕಾನೂನು ತಂದರು: ಪ್ರತಿ ಹೊಸ ಕಾರಿನ ಗಾಜಿಗೆ ಕಂಪನಿ ಸೂಚಿಸಿದ ದರ, ಒಂದೊಂದು ಹೆಚ್ಚುವರಿ ವಸ್ತುವಿನ ದರ, ಸಾಗಾಟದ ಖರ್ಚು ಬರೆದ ಚೀಟಿ ಅಂಟಿಸಲೇಬೇಕು. ಇವತ್ತಿಗೂ ಅಲ್ಲಿ ಆ ಚೀಟಿಗೆ ಅವರದೇ ಹೆಸರು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೇ ಕಾರಿನ ಪೇಟೆಯ ಮೇಲೆ ಒಂದು ಪ್ರಬಂಧ ಬರೆದರು. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಪೇಟೆಯೇ ಕೆಡುತ್ತದೆ ಅನ್ನೋದು ಅದರ ತಿರುಳು. 2001ರಲ್ಲಿ ನೊಬೆಲ್ ಹಂಚಿಕೊಂಡರು. ಕಾಕಾ ಮತ್ತು ಸೇಲ್ಸ್ ಹುಡುಗನ ನಡುವೆ ಇದ್ದ ಮೇಜು ಅದೇ. ಒಂದು ಕಡೆ ದಿನಕ್ಕೆ ಹತ್ತು ಹಾಳೆ ಬರೆಯುವವನು, ಇನ್ನೊಂದು ಕಡೆ ಜೀವನದಲ್ಲಿ ಒಮ್ಮೆ ಓದುವವನು.

ಆ ಸೇಲ್ಸ್ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ನಮ್ಮ ವಯಸ್ಸಿನವನೇ. ತಿಂಗಳಿಗೆ ಇಷ್ಟು ಇನ್ಶೂರೆನ್ಸ್, ಇಷ್ಟು ಪ್ಯಾಕ್ ಮಾರಬೇಕು ಅಂತ ಅವನಿಗೆ ಟಾರ್ಗೆಟ್. ನಮ್ಮಲ್ಲಿ ಕೆಲವರು ನಾಳೆ ಆ ಮೇಜಿನ ಆಚೆ ಬದಿಗೆ ಕೂರಬಹುದು. ಅಲ್ಲಿ ಕೂತವರು ಸಾಲು ಸಾಲಾಗಿ ಬಿಡಿಸಿ ಹೇಳಿದರೆ ಗಿರಾಕಿ ಓಡಿಹೋಗೋದಿಲ್ಲ, ಅಣ್ಣ-ತಮ್ಮನನ್ನೂ ಅಲ್ಲಿಗೇ ಕರಕೊಂಡು ಬರ್ತಾನೆ.

ಆದರೂ ತಪ್ಪಾದರೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಗಡಿಯವರಿಗೆ ಅದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಲ್ಹಾಪುರದ ಡೀಲರನ ಮೇಲೆ ಅಥಣಿಯವರು ಬೆಳಗಾವಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. 50 ಲಕ್ಷದವರೆಗಿನ ಖರೀದಿ ಜಿಲ್ಲಾ ಆಯೋಗಕ್ಕೇ ಬರುತ್ತದೆ. ಫೀ 5 ಲಕ್ಷದವರೆಗೆ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ಆನ್‌ಲೈನಿನಲ್ಲೂ ಹಾಕಬಹುದು. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆದರೆ ಆಯೋಗ ಕೇಳೋದು ಕಾಗದವನ್ನು. ಕೊಟೇಶನ್, ಪಾವತಿ, ಬಿಲ್ಲು, ವಾಟ್ಸಾಪ್ ಸಂದೇಶ ಯಾವುದನ್ನೂ ಅಳಿಸಬೇಡಿ. "ಬಾಯಿಲೆ ಹೇಳಿದ್ರು" ಅನ್ನೋದು ಅಲ್ಲಿ ನಿಲ್ಲೋದಿಲ್ಲ.

ಪಾಡ್ಯ ಆಗಿ ಹನ್ನೊಂದು ದಿನಕ್ಕೆ ಕೆಎ 23 ನಂಬರಿನ ಕಾರು ಮನೆ ಮುಂದೆ ನಿಂತಿತು. ಅಜ್ಜಿ ಆರತಿ ಮಾಡಿ, ಮರುದಿನ ಅದರಲ್ಲೇ ಮಿರಜ್‌ಗೆ ಹೋದಳು. ಕಾಕಾ ಮೊದಲ ಹಾಳೆ ಹರಿದಿಲ್ಲ. ಒಂಬತ್ತು ಸಾಲಿನ ಮುಂದೆ ನನ್ನ ಕೈಯಿಂದ ಕನ್ನಡದಲ್ಲಿ ಬರೆಸಿಟ್ಟುಕೊಂಡಿದ್ದಾನೆ: ಇದು ಸರ್ಕಾರದ್ದು, ಇದು ವಿಮೆಯದು, ಇದು ಬೇಡ, ಇದು ಕೇಳು. ಈಗ ಊರಲ್ಲಿ ಯಾರು ಗಾಡಿ ಕೊಳ್ಳಲು ಹೊರಟರೂ ಮೊದಲು ನಮ್ಮ ಕಟ್ಟೆಗೆ ಬಂದು ಆ ಹಾಳೆ ನೋಡಿ ಹೋಗ್ತಾರೆ.

ನಮ್ಮಲ್ಲಿ ಬಹಳ ಜನ ಮನೆಯಲ್ಲಿ ಇಂಗ್ಲಿಷ್ ಹಾಳೆ ಓದಬಲ್ಲ ಮೊದಲನೆಯವರು. ಮುಂದಿನ ಸಲ ಅಪ್ಪನೋ ಕಾಕಾನೋ ಶೋರೂಮಿಗೆ ಹೊರಟರೆ, "ಇಂಟರ್ನಲ್ಸ್ ಅದಾವು, ನೀನ ಹೋಗಿ ಬಾ" ಅನ್ನಬೇಡಿ. ಫೋಟೋ ಆದರೂ ತರಿಸಿಕೊಳ್ಳಿ. ಒಂಬತ್ತು ಸಾಲು ಓದಲು ಅರ್ಧ ತಾಸು ಸಾಕು. ನಿಮ್ಮ ಊರಿನ ಹಾಳೆಯಲ್ಲಿ ಹತ್ತನೇ ಸಾಲು ಏನಾದರೂ ಸಿಕ್ಕರೆ ನಮ್ಮ ಬಳಗಕ್ಕೆ ಬರೆದು ಕಳಿಸಿ, ಅದನ್ನೂ ಬಿಚ್ಚಿ ನೋಡೋಣ.